ಕಾರು ಕುದೀತಿದೆ, ಹಾಲಿನ ಪಾತ್ರೆ ಕೊಡಮ್ಮ

ನಮ್ಮ ಮನೆಯ ಮಾರುತಿ ಎಂಟುನೂರು 1998ರದ್ದು. ಅಪ್ಪ ಕೊಂಡ ಮೊದಲ ಕಾರು ಅದು, ನಾನು ಡ್ರೈವಿಂಗ್ ಕಲಿತದ್ದು, ಮನೆ ಗೇಟಿಗೆ ಗುದ್ದಿದ್ದು ಎಲ್ಲಾ ಅದರಲ್ಲೇ. ಹೋದ ವರ್ಷ ಇಂಜಿನ್ ಸೀಜ್ ಆಯ್ತು. ಮಾರಿಬಿಡು ಅಂದವರು ಹತ್ತು ಜನ, ಗುಜರಿಗೆ ಹಾಕು ಅಂದವರು ಇಬ್ಬರು, ಅದರಲ್ಲಿ ಒಬ್ಬಳು ನನ್ನ ಹೆಂಡತಿ. ನಮ್ಮ ಮೆಕ್ಯಾನಿಕ್ ಮಾತ್ರ "ಸಾರ್, ಗುಜರಿಗೆ ಬಂದ ಗಾಡೀದು ಒಂದು ಒಳ್ಳೇ ಇಂಜಿನ್ ಇದೆ, ಎತ್ತಿ ಕೂರಿಸಿಬಿಡೋಣ" ಅಂದ. ಅದೇ 796 ಸಿಸಿ, ಅದೇ ಮೂರು ಸಿಲಿಂಡರ್. ಈ ಕಾರು ತಯಾರಾಗೋದು 2014ಕ್ಕೇ ನಿಂತಿದ್ದರೂ ಅದರ ಕೈಕಾಲು, ಕರುಳು ಇನ್ನೂ ಊರೆಲ್ಲಾ ಸಿಗುತ್ತವೆ.

ಅಮ್ಮ ಒಂದೇ ಮಾತು ಹೇಳಿದಳು. "ಯಾರದೋ ಗಾಡಿ ಇಂಜಿನ್ ತಂದಿದೀಯ, ಒಂದು ಪೂಜೆ ಮಾಡಿಸೋ." ಆರ್‌ಟಿಓಗೆ ಹೋಗಿ ಆರ್‌ಸಿಯಲ್ಲಿ ಇಂಜಿನ್ ನಂಬರ್ ಬದಲಾಯಿಸೋ ತಲೆಬಿಸಿಯಲ್ಲಿದ್ದ ನಾನು ಆಮೇಲೆ ನೋಡೋಣ ಅಂದೆ.

ಮೊದಲ ಸವಾರಿ ನೆಲಮಂಗಲದವರೆಗೆ. ಹೈವೇಯಲ್ಲಿ ಎಂಬತ್ತರಲ್ಲಿ ಹೋದರೂ ಟೆಂಪರೇಚರ್ ಮುಳ್ಳು ಅರ್ಧ ದಾಟಲಿಲ್ಲ. ಖುಷಿಯಲ್ಲಿ ತಟ್ಟೆ ಇಡ್ಲಿ ತಿಂದು ವಾಪಸ್ ಬಂದು ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ನಿಂತೆ, ನಿಂತೇ ಇದ್ದೆ, ಮುಳ್ಳು ಮೆಲ್ಲಗೆ ಎದ್ದು ಕೆಂಪು ಗೆರೆ ಮುಟ್ಟಿತು, ಬಾನೆಟ್ ಸಂದಿಯಿಂದ ಬುಸ್ ಅಂತ ಹಬೆ. ಪಕ್ಕದ ಆಟೋದವನು ತಲೆ ಹೊರಗೆ ಹಾಕಿ "ಗುರೂ, ಬೆಂದಿದ್ರೆ ನಂಗೂ ಎರಡು ಹಾಕು" ಅಂದ.

ಗಾಡಿ ಪಕ್ಕಕ್ಕೆ ತಳ್ಳಿದ್ದೇ ತಡ, ಒಬ್ಬ ಹಿರಿಯರು ಕರ್ಚೀಫು ಸುತ್ತಿಕೊಂಡು, ಇಂಜಿನ್ ನೀರು ತಣಿಸೋ ರೇಡಿಯೇಟರ್ ಮುಚ್ಚಳಕ್ಕೇ ಕೈ ಹಾಕಿದರು. ಅವರ ಕೈ ಹಿಡಿದು ಎಳೆದದ್ದು ನಾನು ಆ ದಿನ ಮಾಡಿದ ಒಂದೇ ಬುದ್ಧಿವಂತ ಕೆಲಸ. ಬೆಂಗಳೂರು ಎತ್ತರದಲ್ಲಿರೋದರಿಂದ ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಆ ಮುಚ್ಚಳ ಕುಕ್ಕರ್ ವೆಯ್ಟ್ ಥರ, ಒಳಗೆ ಪ್ರೆಶರ್ ಹಿಡಿದು ನೂರು ದಾಟಿದರೂ ಕುದಿಯದಂತೆ ಅದುಮಿಟ್ಟಿರುತ್ತದೆ. ತೆಗೆದರೆ ಅಷ್ಟೂ ಒಂದೇ ಸಲಕ್ಕೆ ಮುಖಕ್ಕೆ.

ಅಲ್ಲಿಂದ ಶುರುವಾಯ್ತು. ಮುಚ್ಚಳ ಹೊಸದು ಹಾಕಿಸಿದೆ. ರೇಡಿಯೇಟರ್ ಬಿಚ್ಚಿ ತೊಳೆಸಿದೆ, ಒಳಗಿಂದ ರಾಗಿ ಅಂಬಲಿ ಬಣ್ಣದ ನೀರು ಬಂತು. ವಾಟರ್ ಪಂಪ್ ಬದಲಾಯಿಸಿದೆ. ನೀರು, ಆಯಿಲ್ ಬೆರೆಯದಂತೆ ತಡೆಯೋ ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಇಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಆಗಿರುತ್ತೆ ಅಂತ ಯಾರೋ ಹೆದರಿಸಿದ್ದಕ್ಕೆ ದಿನಾ ಬೆಳಿಗ್ಗೆ ಕಾಫಿಗೂ ಮುಂಚೆ ಡಿಪ್‌ಸ್ಟಿಕ್ ಎಳೆದು ನೋಡುತ್ತಿದ್ದೆ. ಆಯಿಲ್ ಕಪ್ಪಗೇ ಇತ್ತು, ಪುಣ್ಯ.

ಏರ್ ಲಾಕ್ ಇರಬಹುದು ಅನ್ನೋದು ಮುಂದಿನ ವಾದ. ಇಂಜಿನ್ ಬದಲಾಯಿಸುವಾಗ ನೀರೆಲ್ಲಾ ಖಾಲಿಯಾಗಿರುತ್ತಲ್ಲ, ಮತ್ತೆ ತುಂಬಿಸುವಾಗ ಗಾಳಿ ಎಲ್ಲಾದರೂ ಸಿಕ್ಕಿಕೊಂಡರೆ ಅಷ್ಟು ಜಾಗಕ್ಕೆ ನೀರು ಹೋಗೋಲ್ಲ. ನಮ್ಮ ಬೀದಿಯ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿ, ಇಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ಕಾದೆ. ಸ್ವಲ್ಪ ಹೊತ್ತಿಗೆ ಮದುವೆ ಊಟ ಮುಗಿಸಿದವರ ಹಾಗೆ ಎರಡು ದೊಡ್ಡ ತೇಗು ಬಂತು, ಅರ್ಧ ಲೀಟರ್ ನೀರು ಜಾಸ್ತಿ ಹಿಡಿಯಿತು. ಗೆದ್ದೆ ಅಂದುಕೊಂಡೆ. ಮರುದಿನ ಅದೇ ಸಿಗ್ನಲ್, ಅದೇ ಹಬೆ. ಅದೇ ಆಟೋದವನು ಇರಲಿಲ್ಲ, ಅಷ್ಟೇ ಸಮಾಧಾನ.

ಇಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡೋ ಥರ್ಮೋಸ್ಟಾಟ್ ವಾಲ್ವ್ ತೆಗೆದು ಬಿಸಾಕಿ ಅಂದ ಮೆಕ್ಯಾನಿಕ್. ನಮ್ಮಲ್ಲಿ ಗಾಡಿ ಬಿಸಿಯಾದರೆ ಮೊದಲು ಹೋಗೋದು ಅದರ ತಲೆಯೇ. ನಾನು ಒಪ್ಪಲಿಲ್ಲ. ಅದಿಲ್ಲದಿದ್ದರೆ ಇಂಜಿನ್ ಬೇಗ ಹದಕ್ಕೆ ಬರೋಲ್ಲ, ಪೆಟ್ರೋಲ್ ಕುಡಿಯುತ್ತೆ. ಮನೆಗೆ ತಂದು ಪರೀಕ್ಷೆ ಮಾಡೋಣ ಅಂತ ಅಡುಗೆಮನೆಗೆ ನುಗ್ಗಿ ಕೈಗೆ ಸಿಕ್ಕ ಪಾತ್ರೆಯಲ್ಲಿ ನೀರಿಟ್ಟು ಅದನ್ನು ದಾರ ಕಟ್ಟಿ ಇಳಿಬಿಟ್ಟೆ. ಲೋಹದ ಸಣ್ಣ ಬಿಲ್ಲೆ, ನಡುವೆ ಮೇಣ ತುಂಬಿದ ಗುಂಡು, ಸುತ್ತ ಸ್ಪ್ರಿಂಗು. ಬಿಸಿಗೆ ಮೇಣ ಉಬ್ಬಿ ಬಾಗಿಲು ತಳ್ಳಬೇಕು. ತಳದಲ್ಲಿ ಸಣ್ಣ ಗುಳ್ಳೆ ಏಳುವವರೆಗೂ ಅದು ಅಲ್ಲಾಡಲಿಲ್ಲ. ಆಮೇಲೆ, ನೀರು ಕುದಿಯೋಕೆ ಇನ್ನೂ ಸ್ವಲ್ಪ ಇದೆ ಅನ್ನುವಾಗ, ನಿದ್ದೆಯಿಂದೆದ್ದ ಬೆಕ್ಕು ಕಣ್ಣು ಬಿಟ್ಟ ಹಾಗೆ ಮೆಲ್ಲಗೆ ತೆರೆದುಕೊಂಡಿತು. ವಾಲ್ವ್ ಸರಿಯಿತ್ತು. ಪಾತ್ರೆ ಮಾತ್ರ ಅಮ್ಮನ ಹಾಲಿನ ಪಾತ್ರೆ ಆಗಿತ್ತು, ಅಂಚಿನಲ್ಲಿ ತುಕ್ಕಿನ ಉಂಗುರ, ಮೇಲೆ ಎಣ್ಣೆ ಪಸೆ. ಅಮ್ಮ ನೋಡಿದಳು, ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿ ಇತ್ತು.

ಇಷ್ಟರಲ್ಲಿ ಎಷ್ಟು ಜನ "ಫ್ಯಾನ್ ತಿರುಗ್ತಿದೆಯಾ" ಅಂತ ಕೇಳಿದರೋ ಲೆಕ್ಕವಿಲ್ಲ. ತಿರುಗ್ತಿದೆ ಅಂತಲೇ ಎಲ್ಲರಿಗೂ ಹೇಳಿದೆ. ಸುಳ್ಳೇನಲ್ಲ.

ಆಯುಧಪೂಜೆ ಬಂತು. ಕಾರು ತೊಳೆದು, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣಿಟ್ಟೆವು. ಮುಳ್ಳು ಎಲ್ಲಿಗೆ ಏರುತ್ತೆ ನೋಡೋಣ ಅಂತ ನಾನು ಇಂಜಿನ್ ಆಫ್ ಮಾಡಿರಲಿಲ್ಲ. ಅಮ್ಮ ಊದುಬತ್ತಿ ಹಚ್ಚಿಕೊಂಡು ಬಂದು ಗ್ರಿಲ್ ಮುಂದೆ ಬೆಳಗುತ್ತಿದ್ದಾಗ ಸರಿಯಾಗಿ ಫ್ಯಾನ್ ಶುರುವಾಯ್ತು. ಊದುಬತ್ತಿಯ ಹೊಗೆ, ಬೂದಿ, ಮೇಲಿಟ್ಟ ಕುಂಕುಮ ಅಷ್ಟೂ ಹಾರಿ ಅಮ್ಮನ ಕಣ್ಣಿಗೆ. "ಅಯ್ಯೋ, ನಿನ್ ಗಾಡಿ ನನ್ನ ಮುಖಕ್ಕೇ ಊದುತ್ತಲ್ಲೋ!"

ನಾನು ಹಾಗೇ ನಿಂತುಬಿಟ್ಟೆ. ರೇಡಿಯೇಟರ್ ಮುಂದಿದೆ, ಫ್ಯಾನ್ ಅದರ ಹಿಂದಿದೆ. ಅದು ಹೊರಗಿನ ಗಾಳಿಯನ್ನು ಒಳಗೆ ಎಳೆಯಬೇಕು. ಇದು ಇಂಜಿನ್ ಕಾವನ್ನೇ ರೇಡಿಯೇಟರ್ ಮೂಲಕ ಹೊರಗೆ ಊದುತ್ತಿದೆ! ಹೈವೇಯಲ್ಲಿ ಎದುರು ಗಾಳಿಯೇ ಸಾಕು, ಫ್ಯಾನಿಗೆ ಕೆಲಸವಿಲ್ಲ. ಸಿಗ್ನಲ್‌ನಲ್ಲಿ ಫ್ಯಾನೇ ಗತಿ, ಅದೋ ಉಲ್ಟಾ.

ಅಮ್ಮ ಕಣ್ಣು ತೊಳೆಯೋಕೆ ಹೋಗಿದ್ದಾಗ ನಾನು ಇನ್ನೂ ಎರಡು ಊದುಬತ್ತಿ ಹಚ್ಚಿ ಪರೀಕ್ಷೆ ಮಾಡಿದೆ. ಹೊಗೆ ನನ್ನ ಮುಖಕ್ಕೂ ಬಂತು.

ಮೆಕ್ಯಾನಿಕ್ ಬಂದು ತಲೆ ಕೆರೆದುಕೊಂಡ. ಇಂಜಿನ್ ಇಳಿಸುವಾಗ ಫ್ಯಾನಿನ ವೈರು ಸಿಕ್ಕಿಸೋ ಹಳೇ ಕಪ್ಲರ್ ಕರಗಿತ್ತಂತೆ, ಅದನ್ನು ಕತ್ತರಿಸಿ ವೈರು ನೇರ ಜೋಡಿಸಿ ಟೇಪ್ ಸುತ್ತಿದ್ದನಂತೆ. ಕಾವಿಗೆ ಎರಡೂ ವೈರು ಮಣ್ಣಿನ ಬಣ್ಣಕ್ಕೆ ತಿರುಗಿದ್ದವು, ಪ್ಲಸ್ಸು ಮೈನಸ್ಸು ಅದಲು ಬದಲಾಗಿತ್ತು. ಬಿಚ್ಚಿ ಅತ್ತಿಂದಿತ್ತ ಮಾಡೋಕೆ ನಾಲ್ಕು ನಿಮಿಷ. ದುಡ್ಡು ಬೇಡ ಸಾರ್ ಅಂದ. ಬೇಡ ಅನ್ನದೆ ಇನ್ನೇನು!

"ಪೂಜೆ ಮಾಡಿಸು ಅಂತ ಅವತ್ತೇ ಬಡ್ಕೊಂಡೆ" ಅಂದಳು ಅಮ್ಮ. ವೈರಿನ ವಿಷಯ ಎರಡು ಸಲ ವಿವರಿಸಿ ಬಿಟ್ಟುಬಿಟ್ಟೆ.

ಮಾರನೇ ಭಾನುವಾರ ಹೊಸ ಹಾಲಿನ ಪಾತ್ರೆ ತರೋಕೆ ಇಬ್ಬರೂ ಹೋದೆವು. ಬರುವಾಗ ಗೊರಗುಂಟೆಪಾಳ್ಯದಲ್ಲಿ ಚೆನ್ನಾಗಿ ಸಿಕ್ಕಿಕೊಂಡೆವು. ಮುಳ್ಳು ಅರ್ಧ ದಾಟಿತು, ಫ್ಯಾನ್ ಬರ್ ಅಂತ ಎದ್ದಿತು, ಮುಳ್ಳು ಹಾಗೇ ಕೆಳಗಿಳಿಯಿತು. ನಾನು ಸ್ಟೇರಿಂಗ್ ಮೇಲೆ ತಾಳ ಹಾಕಿದೆ. ಅಮ್ಮ ತೊಡೆ ಮೇಲೆ ಪಾತ್ರೆ ಇಟ್ಟುಕೊಂಡು, ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಕೇಳಿದಳು. "ಫ್ಯಾನ್ ಸರಿ ಮಾಡಿಸಿದೆ ಅಂದ್ಯಲ್ಲೋ, ಈ ಕಡೆಗೆ ಒಂಚೂರೂ ಗಾಳಿ ಬರ್ತಿಲ್ವಲ್ಲ?"