ಸತ್ಯಾಂಶ: ತಳದ ಮುದ್ರೆ ನೋಡಿ ಹೂದಾನಿಯ ವಯಸ್ಸು ಹೇಳಬಹುದಾ?

"ಪಿಂಗಾಣಿ ಹೂದಾನಿಯ ತಳದಲ್ಲಿ ಚೀನೀ ಅಕ್ಷರದ ಮುದ್ರೆ ಇದ್ದರೆ ಅದು ಚಕ್ರವರ್ತಿಗಳ ಕಾಲದ್ದು, ಭಾರಿ ಬೆಲೆ ಬಾಳುತ್ತದೆ" ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ.

ಮುದ್ರೆಯೊಂದೇ ವಯಸ್ಸಿಗೆ ಪುರಾವೆ ಅಲ್ಲ. ಹಿಂದಿನ ಚಕ್ರವರ್ತಿಯ ಹೆಸರನ್ನು ಹೊಸ ಪಾತ್ರೆಗೆ ಬರೆಯುವುದು ಚೀನಾದಲ್ಲಿ ಹಳೇ ರೂಢಿ. ಕಾಂಗ್‌ಶಿ ಚಕ್ರವರ್ತಿಯ ಕಾಲದಲ್ಲಿ (1662–1722) ಮಾಡಿದ ಪಾತ್ರೆಗಳ ಮೇಲೆ ಚೆಂಗ್‌ಹುವಾ (1465–1487) ಹೆಸರು ಸಿಗುತ್ತದೆ. ಮೋಸಕ್ಕೇ ಅಂತಲ್ಲ, ಎಷ್ಟೋ ಸಲ ಹಿಂದಿನವರ ಮೇಲಿನ ಗೌರವಕ್ಕೆ. ಈಗಿನ ನಕಲುಗಳ ಕತೆ ಬೇರೆ ಬಿಡಿ.

ನನ್ನ ಕೇಳಿದರೆ ಮೊದಲು ನೋಡಬೇಕಾದ್ದು ತಳದ ಅಂಚು. ಹೂದಾನಿಯನ್ನು ಮಗುಚಿ, ಗ್ಲೇಜ್ (ಗಾಜಿನಂಥ ಹೊಳಪು ಲೇಪ) ಇಲ್ಲದ ಆ ಉಂಗುರವನ್ನು ಭೂತಗನ್ನಡಿಯಲ್ಲಿ ನೋಡಿ. ವರ್ಷಗಟ್ಟಲೆ ಬಳಸಿದ್ದರೆ ಗೀರುಗಳು ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ, ಅಡ್ಡಾದಿಡ್ಡಿ ಇರುತ್ತವೆ. ಉಪ್ಪುಕಾಗದದಲ್ಲಿ ತಿಕ್ಕಿ ಹಳೇದು ಮಾಡಿದ್ದರೆ ಎಲ್ಲ ಗೀರೂ ಒಂದೇ ಥರ. ಇಂಗ್ಲಿಷ್‌ನಲ್ಲಿ 'ಚೈನಾ' ಎಂದಿದ್ದರೆ ಸಾಮಾನ್ಯವಾಗಿ ಅದು 1891ರ ನಂತರದ್ದು. ಆಮದು ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂಬ ಅಮೆರಿಕದ ನಿಯಮ ಜಾರಿಗೆ ಬಂದದ್ದು ಆಗ.

ಮಾರುವ ಮುಂಚೆ ಬೆರಳಿಂದ ಮೆಲ್ಲಗೆ ತಟ್ಟಿ. ಗಟ್ಟಿಯಿದ್ದರೆ ಠಣ್ ಎನ್ನುತ್ತದೆ, ಬಿರುಕಿದ್ದರೆ ಸದ್ದು ಮಂದ. ಲ್ಯಾಂಪ್ ಮಾಡಲು ತಳಕ್ಕೆ ತೂತು ಕೊರೆದಿದ್ದರಂತೂ ಬೆಲೆ ಚೆನ್ನಾಗಿಯೇ ಇಳಿಯುತ್ತದೆ, ಮುದ್ರೆ ಅಸಲಿಯಾಗಿದ್ದರೂ.