ಸರ್ವರ್‌ಗಳ ನಾಡಿ ನೋಡುವ ಕೆಲಸ ಸ್ಕ್ರಿಪ್ಟ್‌ಗೆ ಬಿಡಬಹುದಾ?

ಪರ

ನಮ್ಮ ಸೈಟ್ ನಾಲ್ಕು ಸರ್ವರ್‌ಗಳ ಮೇಲೆ ಓಡುತ್ತಿತ್ತು. ಮೂರನೆಯದು ಡಿಸ್ಕ್ ತುಂಬಿ ಮಲಗಿ ಒಂಬತ್ತು ದಿನವಾಗಿತ್ತು, ಒಬ್ಬರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಆಫೀಸಿಗೆ ಬಂದವರು ಬ್ರೌಸರ್‌ನಲ್ಲಿ ಸೈಟ್ ತೆರೆಯುತ್ತಿದ್ದರು, ಪುಟ ಬರುತ್ತಿತ್ತು, ಕಾಫಿಗೆ ಹೋಗುತ್ತಿದ್ದರು. ಲೋಡ್ ಬ್ಯಾಲೆನ್ಸರ್ ಮಾತ್ರ ಮಲಗಿದ್ದನ್ನು ಬಿಟ್ಟು ಉಳಿದ ಮೂರಕ್ಕೆ ಕೆಲಸ ಹಂಚುತ್ತಿತ್ತು. ಅದಿರುವುದೇ ಅದಕ್ಕೆ ಅಲ್ವಾ? ಅದಕ್ಕೆ ಗೊತ್ತಿತ್ತು, ನಮಗೆ ಹೇಳುವಂತೆ ನಾವೇ ಮಾಡಿರಲಿಲ್ಲ. ಜನ ಜಾಸ್ತಿ ಬಂದ ದಿನ ಉಳಿದ ಮೂರೂ ಏದುಸಿರು ಬಿಟ್ಟವು.

ಆಮೇಲೆ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದೆವು. ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಕ್ರಾನ್ ಅದನ್ನು ನಿಮಿಷಕ್ಕೊಮ್ಮೆ ಓಡಿಸುತ್ತದೆ. ಸೈಟಿನ ವಿಳಾಸಕ್ಕೆ ಹೋದರೆ ಮತ್ತೆ ಬ್ಯಾಲೆನ್ಸರ್ ಕೈಗೇ ಸಿಗುತ್ತೇವೆ. ಅದಕ್ಕೇ ಒಂದೊಂದು ಸರ್ವರ್‌ನ ಐಪಿ ವಿಳಾಸಕ್ಕೇ ಕರ್ಲ್ ಎಂಬ ಕಮಾಂಡ್ ಹೊಡೆದು ಪುಟ ಕೇಳುತ್ತದೆ, ಯಾವ ಸೈಟ್ ಬೇಕೆಂದು ಹೇಳುವ ಹೋಸ್ಟ್ ಹೆಡರ್‌ನಲ್ಲಿ ಸೈಟಿನ ಹೆಸರು ಕೊಟ್ಟು. ‘ಸರಿ ಇದೆ’ ಎನ್ನುವ 200 ಸಂಖ್ಯೆ ಬರದಿದ್ದರೆ ಫೋನಿಗೆ ಮೆಸೇಜ್. ಕೆಟ್ಟದ್ದನ್ನು ಸಾಲಿನಿಂದ ತೆಗೆಯುವುದೂ ಯಂತ್ರದ ಪಾಲಿಗೇ ಇರಲಿ. ಎಚ್‌ಎಪ್ರಾಕ್ಸಿ ಎಂಬ ಲೋಡ್ ಬ್ಯಾಲೆನ್ಸರ್‌ನಲ್ಲಿ ಚೆಕ್ ಹಾಕಿ ಬಿಟ್ಟರೆ 2 ಸೆಕೆಂಡಿಗೊಮ್ಮೆ ವಿಚಾರಿಸುತ್ತದೆ, ಸತತ 3 ಸಲ ಸೋತರೆ ಹೊರಗೆ, 2 ಸಲ ಸರಿ ಬಂದರೆ ಒಳಗೆ. ಯಾವ ಮನುಷ್ಯ ಇಷ್ಟು ನಿಯತ್ತಾಗಿ ಕೂತಾನು?

ವಿರೋಧ

ಆ ಸ್ಕ್ರಿಪ್ಟ್ ಬರೆದವರಲ್ಲಿ ನಾನೂ ಒಬ್ಬ. ಒಂದು ಸಲ ‘ಡೇಟಾಬೇಸ್ ಸಿಗುತ್ತಿಲ್ಲ’ ಎಂಬ ಪುಟವನ್ನೇ ಸರ್ವರ್ 200 ಹಾಕಿ ಕಳಿಸುತ್ತಿತ್ತು. ಸ್ಕ್ರಿಪ್ಟ್ ಸುಮ್ನೆ ಇತ್ತು. ಎಚ್‌ಎಪ್ರಾಕ್ಸಿಯ ಆ ಚೆಕ್ ಕೂಡ ಬೇರೆ ಏನೂ ಹೇಳದಿದ್ದರೆ ಪೋರ್ಟ್ ತೆರೆದಿದೆಯಾ ಅಂತಷ್ಟೇ ನೋಡುತ್ತದೆ. ಬಾಗಿಲು ತಟ್ಟಿ ಬಂದ ಹಾಗೆ.

ಸರಿ, ಡೇಟಾಬೇಸನ್ನೂ ಮುಟ್ಟಿ ನೋಡಲಿ ಅಂದೆವು. ಅಲ್ಲಿ ಇನ್ನೊಂದು ಪೇಚು. ನಾಲ್ಕೂ ಸರ್ವರ್‌ಗಳಿಗೆ ಇರುವುದು ಒಂದೇ ಡೇಟಾಬೇಸ್. ಅದು ಸ್ವಲ್ಪ ಹೊತ್ತು ನಿಧಾನವಾದರೆ ನಾಲ್ಕೂ ಒಟ್ಟಿಗೆ ಫೇಲ್, ನಾಲ್ಕೂ ಹೊರಗೆ. ನಿಧಾನವಾಗಿದ್ದ ಸೈಟ್ ಪೂರ್ತಿ ಬಂದ್. ಅಮೆಜಾನ್‌ನ ಕ್ಲೌಡ್ ಸೇವೆಯಲ್ಲಿರುವ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ ಇಂಥ ಕಡೆ ಜಾಣತನ ತೋರಿಸುತ್ತದೆ: ಎಲ್ಲವೂ ಕೆಟ್ಟಿವೆ ಎಂದು ಕಂಡರೆ ಎಲ್ಲಕ್ಕೂ ರಿಕ್ವೆಸ್ಟ್ ಕಳಿಸುತ್ತದೆ.

ಆದರೆ ಅದೇ ಅಮೆಜಾನ್‌ಗೆ 2025ರ ಅಕ್ಟೋಬರ್ 20ರಂದು ಉತ್ತರ ವರ್ಜೀನಿಯಾದ ಡೇಟಾ ಸೆಂಟರ್‌ಗಳಲ್ಲಿ ಆದದ್ದು ನೋಡಿ. ಹೊಸ ಯಂತ್ರಗಳಿಗೆ ನೆಟ್‌ವರ್ಕ್ ವಿವರ ಪೂರ್ತಿ ತಲುಪಿರಲಿಲ್ಲ. ಅವರದೇ ಇನ್ನೊಂದು ಬಗೆಯಾದ ನೆಟ್‌ವರ್ಕ್ ಲೋಡ್ ಬ್ಯಾಲೆನ್ಸರ್‌ನ ಹೆಲ್ತ್ ಚೆಕ್ ಒಂದು ಸಲ ಸರಿ, ಇನ್ನೊಂದು ಸಲ ತಪ್ಪು ಅನ್ನುತ್ತಿತ್ತು. ಚೆನ್ನಾಗಿದ್ದವನ್ನೂ ತೆಗೆಯುವುದು, ಮತ್ತೆ ಹಾಕುವುದು. ಕೊನೆಗೆ ಎಂಜಿನಿಯರ್‌ಗಳು ಹೀಗೆ ತಾನಾಗಿ ತೆಗೆದುಹಾಕುವ ಆ ಆಟೋಮ್ಯಾಟಿಕ್ ಫೇಲ್‌ಓವರನ್ನೇ ಆಫ್ ಮಾಡಬೇಕಾಯಿತು.

ನೋಡಲಿ, ಕೂಗಲಿ, ಬೇಕಿದ್ದರೆ ಒಂದು ಸರ್ವರ್ ತೆಗೆಯಲಿ. ಎರಡನೆಯದಕ್ಕೆ ಕೈ ಹಾಕುವ ಮೊದಲು ನನ್ನನ್ನು ಎಬ್ಬಿಸಬೇಕು, ರಾತ್ರಿ ಎರಡು ಗಂಟೆಯಾದರೂ.