ಪಿತ್ತಕೋಶ ತೆಗೆಸಿದರೆ ಪಿತ್ತರಸವೇ ನಿಂತುಹೋಗುತ್ತದೆಯೇ?

"ಪಿತ್ತಕೋಶ ತೆಗೆಸಿದವರಿಗೆ ಪಿತ್ತರಸವೇ ಇರಲ್ಲ, ಜನ್ಮದಲ್ಲಿ ತುಪ್ಪ ಮುಟ್ಟಬಾರದು. ಆಮೇಲೂ ಹೊಟ್ಟೆನೋವು ಅಂದರೆ ಬರೀ ಭ್ರಮೆ" ಎಂಬ ಫಾರ್ವರ್ಡ್ ಮತ್ತೆ ಓಡಾಡುತ್ತಿದೆ.

ಸತ್ಯಾಂಶ: ಪಿತ್ತರಸ ತಯಾರಾಗುವುದು ಲಿವರ್‌ನಲ್ಲಿ, ದಿನಕ್ಕೆ ಸುಮಾರು ಅರ್ಧದಿಂದ 1 ಲೀಟರ್. ಪಿತ್ತಕೋಶ ಅದನ್ನು ಕೂಡಿಡುವ ಪುಟ್ಟ ಚೀಲ, ಅಷ್ಟೇ. ಚೀಲ ಇಲ್ಲದಿದ್ದರೆ ರಸ ನೇರವಾಗಿ ಕರುಳಿಗೆ ಇಳಿಯುತ್ತಿರುತ್ತದೆ. ಹಾಗಾಗಿ ಆಪರೇಷನ್ ಆದ ಹೊಸತರಲ್ಲಿ ಒಂದೇ ಸಲ ನಾಲ್ಕು ಪೂರಿ ಹೊಡೆದರೆ ಹೊಟ್ಟೆ ಉಬ್ಬರಿಸಬಹುದು, ಭೇದಿಯೂ ಆಗಬಹುದು. ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ ಹೆಚ್ಚಿನವರಿಗೆ ಕ್ರಮೇಣ ಒಗ್ಗುತ್ತದೆ.

ನೋವು ಭ್ರಮೆಯಲ್ಲ. ಪಿತ್ತರಸವನ್ನು ಕರುಳಿಗೆ ಒಯ್ಯುವ ನಾಳದಲ್ಲಿ ಉಳಿದ ಕಲ್ಲು, ನಾಳದ ಬಾಯಿಯ ಸ್ನಾಯುವಿನ ಬಿಗಿತ, ಅಸಿಡಿಟಿ, ಹೀಗೆ ಕಾರಣ ಹಲವು. ಏನು ತಿಂದ ಮೇಲೆ, ಎಷ್ಟು ಹೊತ್ತಿಗೆ ಬಂತೆಂದು ಬರೆದಿಟ್ಟು ವೈದ್ಯರಿಗೆ ತೋರಿಸಿ. ಜ್ವರ, ಹಳದಿ ಕಣ್ಣು ಕಂಡರೆ ಮಾತ್ರ ನಾಳೆಗೆ ಮುಂದೂಡಬೇಡಿ.